ಮೂಗಿನ ಹಾದಿಯಲ್ಲಿ ಮಿದುಳಿಗೆ

ಟಾರ್ಚಿನ ಹಳೆಯ ಶುಷ್ಕಕೋಶವನ್ನು ಒಡೆದಾಗ ಕೈಗೆ ಮೆತ್ತಿಕೊಳ್ಳುವ ಕಪ್ಪು ಪುಡಿಯನ್ನು ನೀವು ಕಂಡಿರಬಹುದು. ಇಂಗಾಲದೊಡನೆ ಅದರಲ್ಲಿರುವುದು ಮ್ಯಾಂಗನೀಸ್ ಡೈಆಕ್ಸೈಡ್. ನಮ್ಮ ಸಂಡೂರಿನ ಅದಿರಿನಲ್ಲಿಯೂ ಮ್ಯಾಂಗನೀಸಿನ ಆಕ್ಸೈಡುಗಳಿವೆ. ಲೋಹದ ಆಕ್ಸೈಡುಗಳ ಕಣಗಳು ಮಿದುಳನ್ನು ಬಾಧಿಸಬಲ್ಲವೇ? ಈ ಪ್ರಶ್ನೆ ನ್ಯಾನೊ ಯುಗದ್ದೆಂದು ತೋರಬಹುದು. ಆದರೆ ಅದರ ಇತಿಹಾಸ ಈ ಕಪ್ಪು ಪುಡಿಯಿಂದಲೇ ಆರಂಭವಾಗುತ್ತದೆ.

ಬಟ್ಟೆಯನ್ನು ಬಿಳುಪು ಮಾಡಲು ಬೇಕಾದ ಕ್ಲೋರೀನನ್ನು 19ನೆಯ ಶತಮಾನದಲ್ಲಿ ಈ ಅದಿರಿನಿಂದ ತಯಾರಿಸುತ್ತಿದ್ದರು. 1837ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಜಾನ್ ಕೂಪರ್, ಅದಿರನ್ನು ಅರೆಯುತ್ತಿದ್ದ ಐವರು ಕೆಲಸಗಾರರ ಸ್ಥಿತಿಯನ್ನು ವರದಿ ಮಾಡಿದ. ಅವರ ಕಾಲುಗಳು ಬಲಗುಂದಿದ್ದವು, ನಡಿಗೆ ತಡವರಿಸುತ್ತಿತ್ತು, ದನಿ ಪಿಸುಮಾತಿಗೆ ಇಳಿದಿತ್ತು. ಉಸಿರಿನೊಡನೆ ಒಳಸೇರಿದ ದೂಳೇ ಇದಕ್ಕೆ ಕಾರಣವೆಂದು ಆತ ಗುರುತಿಸಿದ.

1960ರ ದಶಕದಲ್ಲಿ ಜಾರ್ಜ್ ಕೊಟ್ಜಿಯಾಸ್ ಮತ್ತು ಸಂಗಡಿಗರು ಚಿಲಿ ದೇಶದ ಮ್ಯಾಂಗನೀಸ್ ಗಣಿ ಕಾರ್ಮಿಕರನ್ನು ಅಭ್ಯಸಿಸಿದರು. ಅಲ್ಲಿ ಕೈಕಾಲುಗಳಿಗಿಂತ ಮೊದಲು ಕೆಡುತ್ತಿದ್ದುದು ನಡವಳಿಕೆ: ಕಾರಣವಿಲ್ಲದ ನಗು, ಅಳು, ಸಿಡುಕು. ಗಣಿಯ ಜನ ಅದನ್ನು ‘ಮ್ಯಾಂಗನೀಸ್ ಹುಚ್ಚು’ ಎಂದೇ ಕರೆಯುತ್ತಿದ್ದರು.

ಲೋಹವು ಮಿದುಳನ್ನು ಸೇರುವ ದಾರಿ ಯಾವುದು? ಶ್ವಾಸಕೋಶ, ಅಲ್ಲಿಂದ ರಕ್ತ, ಎಂದು ನೀವು ಹೇಳಬಹುದು. ಆದರೆ ರಕ್ತ ಮತ್ತು ಮಿದುಳಿನ ನಡುವೆ ಬಿಗಿಯಾದ ಜೀವಕೋಶಗಳ ತಡೆಯಿದೆ. ಮೂಗಿನಲ್ಲಾದರೋ ವಾಸನೆಯ ನರಗಳು ಒಂದು ತುದಿಯಲ್ಲಿ ಹೊರಗಿನ ಗಾಳಿಗೆ ತೆರೆದಿದ್ದು, ಇನ್ನೊಂದು ತುದಿಯಲ್ಲಿ ಮಿದುಳಿನ ಘ್ರಾಣಕಂದವನ್ನು ಮುಟ್ಟುತ್ತವೆ. 1970ರಲ್ಲಿ ಡಿ ಲೊರೆನ್ಸೊ, ಕೋತಿಗಳ ಮೂಗಿಗೆ ಹಾಕಿದ 50 ನ್ಯಾನೊಮೀಟರ್ ಗಾತ್ರದ ಚಿನ್ನದ ಕಣಗಳು ಈ ನರಗಳ ಮೂಲಕ ಘ್ರಾಣಕಂದಕ್ಕೆ ಬಂದುದನ್ನು ತೋರಿಸಿದರು.

2006ರಲ್ಲಿ ಅಮೆರಿಕದ ರೊಚೆಸ್ಟರಿನಲ್ಲಿ ಆಲಿಸನ್ ಎಲ್ಡರ್ ಮತ್ತು ಸಂಗಡಿಗರು ಇಲಿಗಳಿಗೆ ಸುಮಾರು 30 ನ್ಯಾನೊಮೀಟರಿನ ಮ್ಯಾಂಗನೀಸ್ ಆಕ್ಸೈಡ್ ಕಣಗಳನ್ನು ಉಸಿರಾಡಿಸಿದರು. 12 ದಿನಗಳ ನಂತರ ಘ್ರಾಣಕಂದದಲ್ಲಿ ಮ್ಯಾಂಗನೀಸ್ ಪ್ರಮಾಣ ಮೂರೂವರೆ ಪಟ್ಟಾಗಿತ್ತು. ಉರಿಯೂತದ ಕುರುಹುಗಳೂ ಕಂಡವು. ಇನ್ನು ಕೆಲವು ಇಲಿಗಳ ಬಲ ಹೊಳ್ಳೆಯನ್ನು ಮುಚ್ಚಿದಾಗ ಲೋಹ ಸೇರಿದ್ದು ಎಡ ಘ್ರಾಣಕಂದದಲ್ಲಿ ಮಾತ್ರ! ರಕ್ತದ ಮೂಲಕ ಬಂದಿದ್ದರೆ ಎರಡೂ ಕಡೆ ಸೇರಬೇಕಿತ್ತಲ್ಲವೇ? ಎಷ್ಟು ಸರಳ, ಎಷ್ಟು ಸ್ಪಷ್ಟ ಪ್ರಯೋಗ!

ಗಾತ್ರಕ್ಕೇಕೆ ಇಷ್ಟು ಮಹತ್ವ? ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ವಿದ್ಯಾರ್ಥಿಗಳೇ, ಲೆಕ್ಕ ಮಾಡಿ ನೋಡಿ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿಯೇ.

2016ರಲ್ಲಿ ಬಾರ್ಬರಾ ಮಾಹೆರ್ ತಂಡ, ಮೆಕ್ಸಿಕೊ ನಗರ ಮತ್ತು ಮ್ಯಾಂಚೆಸ್ಟರಿನಲ್ಲಿ ಬದುಕಿದ್ದವರ ಮಿದುಳಿನ ಅಂಗಾಂಶದಲ್ಲಿ ಕಬ್ಬಿಣದ ಆಕ್ಸೈಡಾದ ಮ್ಯಾಗ್ನೆಟೈಟಿನ ದುಂಡನೆಯ ನ್ಯಾನೊ ಕಣಗಳನ್ನು ಕಂಡಿತು. ದುಂಡು ಆಕಾರವು ಹೆಚ್ಚಿನ ಉಷ್ಣತೆಯಲ್ಲಿ ರೂಪುಗೊಂಡ ಕಣಗಳ ಲಕ್ಷಣ. ಕಣ ಇದೆ ಎಂದಮಾತ್ರಕ್ಕೆ ರೋಗಕ್ಕೆ ಅದೇ ಕಾರಣವೆಂದು ಸಿದ್ಧವಾಗುವುದಿಲ್ಲ. ಈ ಎಚ್ಚರ ನಮಗಿರಬೇಕು. ಆದರೆ ಕೂಪರನ ಐವರು ಕೆಲಸಗಾರರನ್ನೂ ಮರೆಯಬಾರದು. ಶಿಕ್ಷಕರೇ, ಪ್ರಯೋಗಶಾಲೆಯಲ್ಲಿ ಪುಡಿಯ ಶೀಷೆ ತೆರೆಯುವಾಗ ಮಕ್ಕಳಿಗೆ ಅದರ ಸೂತ್ರದೊಡನೆ ಕಣದ ಗಾತ್ರವನ್ನೂ ಕೇಳಲು ಕಲಿಸಿ.