ಬೆಂಕಿ, ನೀರು, ಬಟನ್: ಆಕ್ಷನ್ ಆರ್‌ಪಿಜಿ ಕಾಳಗದ ಕಲಿಕೆ ಬೆಳೆದು ಬಂದ ಬಗೆ

ಆಕ್ಷನ್ ಆರ್‌ಪಿಜಿ ಎನಿಸಿಕೊಳ್ಳುವ ವಿಡಿಯೊ ಗೇಮ್‌ಗಳಲ್ಲಿ ಆಟಗಾರ ಎರಡು ವಿದ್ಯೆ ಕಲಿಯಬೇಕು. ಒಂದು ಕೈಯದು: ಯಾವ ಗಳಿಗೆಯಲ್ಲಿ ಯಾವ ಬಟನ್, ಯಾವಾಗ ಹೊಡೆತ, ಯಾವಾಗ ಉರುಳಿ ತಪ್ಪಿಸಿಕೊಳ್ಳುವುದು. ಇನ್ನೊಂದು ತಲೆಯದು: ಯಾವ ಶತ್ರು ಬೆಂಕಿಗೆ ಬಗ್ಗುತ್ತದೆ, ನೆನೆದವನ ಮೈಮೇಲೆ ಮಿಂಚು ಹರಿದರೆ ಏನಾಗುತ್ತದೆ ಎಂಬ ಲೆಕ್ಕ. ಈ ಲೆಕ್ಕಕ್ಕೆ ಆಟಗಾರರು ಎಲಿಮೆಂಟ್ ವ್ಯವಸ್ಥೆ ಎನ್ನುತ್ತಾರೆ. ಎರಡೂ ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಕೈಯ ವಿದ್ಯೆ ಬಂದದ್ದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಿಂದ. ತಲೆಯ ವಿದ್ಯೆ ಬಂದದ್ದು ಕಾಗದ, ಪೆನ್ಸಿಲ್, ದಾಳಗಳ ಆಟದಿಂದ, ಮುಖ್ಯವಾಗಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಿಂದ. ಒಂದೇ ಆಟದೊಳಗೆ ಇವೆರಡಕ್ಕೂ ಹೊಂದಾಣಿಕೆ ಕೂಡಿಬರಲು ಹಲವು ದಶಕಗಳು ಬೇಕಾದವು.

ಜಪಾನಿನ ನಾಮ್ಕೊ ಕಂಪನಿ 1984ರಲ್ಲಿ ಆರ್ಕೇಡ್‌ಗೆ ತಂದ ‘ದ ಟವರ್ ಆಫ್ ಡ್ರುವಾಗ’ ಈ ದಾರಿಯ ಮೊದಲ ಮೆಟ್ಟಿಲುಗಳಲ್ಲಿ ಒಂದು. ಮಸನೊಬು ಎಂಡೊ ರೂಪಿಸಿದ ಈ ಆಟದಲ್ಲಿ ಗಿಲ್ ಎಂಬ ವೀರ 60 ಮಹಡಿಗಳ ಗೋಪುರ ಹತ್ತುತ್ತಾನೆ. ಆಟಗಾರನ ಕೈಗಿರುವುದು ಒಂದು ಜಾಯ್‌ಸ್ಟಿಕ್, ಒಂದು ಬಟನ್. ಆ ಒಂದೇ ಬಟನ್‌ನಲ್ಲಿ ಆಕ್ರಮಣವೂ ರಕ್ಷಣೆಯೂ ಅಡಗಿವೆ. ಒತ್ತಿ ಹಿಡಿದರೆ ಕತ್ತಿ ಒರೆಯಿಂದ ಹೊರಬಂದು ಗುರಾಣಿ ಎಡಕ್ಕೆ ಸರಿಯುತ್ತದೆ. ಬಿಟ್ಟರೆ ಕತ್ತಿ ಒರೆ ಸೇರಿ ಗುರಾಣಿ ಎದುರಿಗೆ ಬರುತ್ತದೆ. ಮಂತ್ರವಾದಿಗಳು ಎಸೆಯುವ ಮಂತ್ರವನ್ನು ಗುರಾಣಿಯಿಂದಲೇ ತಡೆಯಬೇಕಾದ್ದರಿಂದ, ಕತ್ತಿ ಹಿರಿದುಕೊಂಡೇ ನುಗ್ಗುವವನು ಬೇಗ ಸಾಯುತ್ತಾನೆ. ಕೈಯ ಪಾಠ ಇಷ್ಟೇ, ಆದರೆ ಗಟ್ಟಿಯಾದದ್ದು. ತಲೆಯ ಪಾಠ ಮಾತ್ರ ವಿಪರೀತ ಕಷ್ಟದ್ದು. ಮಹಡಿಗಳಲ್ಲಿ ನಿಧಿಪೆಟ್ಟಿಗೆಗಳು ಅಡಗಿರುತ್ತವೆ, ಅವು ಕಾಣಿಸಿಕೊಳ್ಳಬೇಕಾದರೆ ಏನು ಮಾಡಬೇಕೆಂದು ಪರದೆಯ ಮೇಲೆ ಎಲ್ಲೂ ಬರೆದಿಲ್ಲ. ಮೊದಲ ಮಹಡಿಯಲ್ಲಿ ಮೂರು ಹಸಿರು ಲೋಳೆಜೀವಿಗಳನ್ನು ಕೊಂದರೆ ಪೆಟ್ಟಿಗೆ ಬರುತ್ತದೆ. ಮೇಲಿನ ಮಹಡಿಗಳ ಷರತ್ತುಗಳು ಒಬ್ಬನ ಬುದ್ಧಿಗೆ ನಿಲುಕುವಂಥವಲ್ಲ. ಜಪಾನಿನ ಆರ್ಕೇಡ್‌ಗಳಲ್ಲಿ ಯಂತ್ರಗಳ ಬಳಿ ನೋಟ್‌ಬುಕ್ ಇಡುವ ರೂಢಿಯಿತ್ತು. ಒಬ್ಬ ಕಂಡುಕೊಂಡದ್ದನ್ನು ಬರೆದಿಟ್ಟು ಹೋಗುತ್ತಿದ್ದ, ಮರುದಿನ ಬಂದವನು ಅದನ್ನೋದಿ ಒಂದು ಮಹಡಿ ಮೇಲೇರುತ್ತಿದ್ದ. ಮುಖ ನೋಡದವರು ಹೀಗೆ ಪರಸ್ಪರ ಗುರುಗಳಾದದ್ದು ಈ ಇತಿಹಾಸದ ಬಹು ದೊಡ್ಡ ಸಂಗತಿ.

ಅದೇ ವರ್ಷ ಟಿ ಆ್ಯಂಡ್ ಇ ಸಾಫ್ಟ್ ತಂದ ‘ಹೈಡ್‌ಲೈಡ್’ ಈ ಬಗೆಯ ಕಾಳಗವನ್ನು ಮನೆಯ ಕಂಪ್ಯೂಟರಿಗೆ ಇಳಿಸಿತು. 1987ರಲ್ಲಿ ಫಾಲ್ಕಮ್ ಕಂಪನಿಯ ‘ಈಸ್’ ಬಂದಾಗ ಹೊಡೆಯುವ ಬಟನ್ನೇ ಇಲ್ಲವಾಯಿತು. ನಾಯಕ ಅಡೋಲ್ ಶತ್ರುವಿಗೆ ಹೋಗಿ ಡಿಕ್ಕಿ ಹೊಡೆದರೆ ಅದೇ ಕತ್ತಿಯ ಪೆಟ್ಟು. ನೇರವಾಗಿ ಎದುರಾದರೆ ಅವನಿಗೂ ಪೆಟ್ಟು ಬೀಳುತ್ತದೆ, ಅರ್ಧ ಮೈಯಷ್ಟು ಪಕ್ಕಕ್ಕೆ ಸರಿದು ತಾಗಿದರೆ ಶತ್ರುವಿಗೆ ಮಾತ್ರ. ಜಪಾನಿನ ಆಟಗಾರರು ಇದಕ್ಕೆ ‘ಅರ್ಧ ಪಾತ್ರ ಸರಿಯುವುದು’ ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಒಮ್ಮೆ ಕೈಗೆ ಹತ್ತಿದ ಮೇಲೆ ಅಡೋಲ್ ಶತ್ರುಗಳ ಗುಂಪಿನ ನಡುವೆ ಕುಡುಗೋಲಿನಂತೆ ಸಾಗಿಹೋಗುತ್ತಾನೆ.

ಎಲಿಮೆಂಟ್‌ಗಳ ಕಲ್ಪನೆ ಗೇಮ್‌ಗಳಿಗಿಂತ ಸಾವಿರಾರು ವರ್ಷ ಹಳೆಯದು. ಕ್ರಿಸ್ತಪೂರ್ವ ಐದನೇ ಶತಮಾನದ ಗ್ರೀಕ್ ಚಿಂತಕ ಎಂಪಿಡಾಕ್ಲಿಸ್ ಬೆಂಕಿ, ಗಾಳಿ, ನೀರು, ಮಣ್ಣು ಎಂಬ ನಾಲ್ಕು ಮೂಲಗಳನ್ನು ಹೇಳಿದ. ಚೀನಾದಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು ಒಂದನ್ನೊಂದು ಪೋಷಿಸುತ್ತ, ಒಂದನ್ನೊಂದು ಅಡಗಿಸುತ್ತ ಸುತ್ತುವ ಐದರ ಚಕ್ರವಿತ್ತು. ಭಾರತದ ಪಂಚಭೂತಗಳ ಮಾತು ಕನ್ನಡಿಗರಿಗೆ ಹೊಸತಲ್ಲ. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ಸರ್ಪಾಸ್ತ್ರಕ್ಕೆ ಗರುಡಾಸ್ತ್ರ ಎಂಬ ಯಕ್ಷಗಾನದ ಯುದ್ಧ ಸನ್ನಿವೇಶ ಕಂಡವರಿಗೆ ಎಲಿಮೆಂಟ್ ಕಾಳಗದ ತಿರುಳು ಹೇಳಿಕೊಡಬೇಕಾಗಿಲ್ಲ. ಆದರೆ ಗೇಮ್‌ಗಳಿಗೆ ಹೆಸರುಗಳು ಹೆಚ್ಚಾಗಿ ಬಂದದ್ದು ಯುರೋಪಿನಿಂದ. ಹದಿನಾರನೇ ಶತಮಾನದ ವೈದ್ಯ ಪ್ಯಾರಸೆಲ್ಸಸ್ ನಾಲ್ಕು ಮೂಲಗಳಿಗೆ ನಾಲ್ಕು ಜೀವಿಗಳನ್ನು ಹೇಳಿದ್ದ: ನೀರಿಗೆ ಅಂಡೀನ್, ಮಣ್ಣಿಗೆ ನೋಮ್, ಗಾಳಿಗೆ ಸಿಲ್ಫ್, ಬೆಂಕಿಗೆ ಸಾಲಮ್ಯಾಂಡರ್.

1987ರ ‘ಫೈನಲ್ ಫ್ಯಾಂಟಸಿ’ಯಂಥ ಆಟಗಳಲ್ಲಿ ಬೆಂಕಿ, ಹಿಮ, ಮಿಂಚು ಎಂಬ ಮೂರರ ಜೋಡಣೆ ನೆಲೆಯಾಯಿತು. ಅಲ್ಲಿ ಕಾಳಗ ಸರದಿಯದು. ಆಟಗಾರ ಮೆನು ತೆರೆದು ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಿತ್ತು. 1996ರ ‘ಪೋಕಿಮಾನ್’ 15 ಬಗೆಗಳ ಬಲಾಬಲದ ಕೋಷ್ಟಕವನ್ನು ಲಕ್ಷಾಂತರ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೂ ಇದೇ ಸಾವಧಾನದಿಂದ. ಶತ್ರು ಕಾಯದೆ ಮೇಲೆ ಬೀಳುವ ಆಕ್ಷನ್ ಆಟದಲ್ಲಿ ಕೋಷ್ಟಕ ನೆನೆಯುವ ಬಿಡುವು ಎಲ್ಲಿಂದ ಬರಬೇಕು? ನಿಜವಾದ ತೊಡಕು ಇದು.

ಇದಕ್ಕೆ ಸ್ಕ್ವೇರ್ ಕಂಪನಿ 1993ರಲ್ಲಿ ಕೊಟ್ಟ ಉತ್ತರ ‘ಸೀಕ್ರೆಟ್ ಆಫ್ ಮಾನಾ’. ಇದರಲ್ಲಿ ಕತ್ತಿ ಬೀಸಿದ ಕೂಡಲೇ ಪೆಟ್ಟಿನ ಬಲ ತೋರಿಸುವ ಶೇಕಡಾ ಲೆಕ್ಕ ಸೊನ್ನೆಗಿಳಿದು ಮತ್ತೆ 100ರ ಕಡೆಗೆ ಏರುತ್ತದೆ. ಅದು ತುಂಬುವ ಮುನ್ನ ಬೀಸಿದರೆ ಪೆಟ್ಟಿಗೆ ಬಲವಿಲ್ಲ. ಸುಮ್ಮನೆ ಬಟನ್ ಕುಟ್ಟುವವನಿಗೆ ತಾಳ್ಮೆ ಕಲಿಸಿದ ಸರಳ ಉಪಾಯವಿದು. ಮಂತ್ರಕ್ಕೆ ಬೇರೆ ಪರದೆಯಿಲ್ಲ. ಪಾತ್ರದ ಸುತ್ತಲೇ ಚಿತ್ರಗಳ ಉಂಗುರವೊಂದು ತೆರೆದುಕೊಳ್ಳುತ್ತದೆ, ಆಯ್ದುಕೊಳ್ಳುವ ತನಕ ಕಾಳಗ ನಿಂತಿರುತ್ತದೆ. ಅಂಡೀನ್, ನೋಮ್, ಸಿಲ್ಫಿಡ್, ಸಾಲಮ್ಯಾಂಡರ್ ಸೇರಿ ಎಂಟು ತತ್ತ್ವಗಳ ಎಂಟು ಚೇತನಗಳು ಅಲ್ಲಿ ಒಂದೊಂದಾಗಿ ಜೊತೆಗೂಡುತ್ತವೆ, ಬಳಸಿದಷ್ಟೂ ಬಲಿಯುತ್ತವೆ. ಚೆಲುವಾದ ಪರಿಹಾರವಿದು, ಆದರೂ ಅರ್ಧದ ಪರಿಹಾರ. ಕೈ ದುಡಿಯುವಾಗ ತಲೆ ಸುಮ್ಮನಿರುತ್ತದೆ, ತಲೆ ದುಡಿಯುವಾಗ ಕೈ ನಿಲ್ಲುತ್ತದೆ. ಮೂರು ವರ್ಷಗಳ ನಂತರ ಅಮೆರಿಕದಲ್ಲಿ ಬಂದ ‘ಡಯಾಬ್ಲೊ’ ಕಾಳಗವನ್ನು ನಿಲ್ಲಿಸದೆ ಎಲ್ಲವನ್ನೂ ಮೌಸ್ ಕ್ಲಿಕ್ಕಿಗೆ ತಂದಿತು. ಅಲ್ಲಿ ಬೆಂಕಿ, ಮಿಂಚುಗಳು ಹೆಚ್ಚಾಗಿ ಶತ್ರು ಎಷ್ಟು ತಡೆದುಕೊಳ್ಳುತ್ತದೆ ಎಂಬ ಅಂಕಿಯಾಗಿಯೇ ಉಳಿದವು.

ಅಷ್ಟರಲ್ಲಿ ಆಟಗಳು ಮೂರು ಆಯಾಮಕ್ಕೆ ಹೊರಳಿದವು, ಕೈಯ ವಿದ್ಯೆ ಮತ್ತೆ ಮೊದಲಿನಿಂದ ಶುರುವಾಗಬೇಕಾಯಿತು. ಅಗಲ, ಎತ್ತರದ ಜೊತೆಗೆ ಆಳವೂ ಸೇರಿದಾಗ ಕತ್ತಿ ಗಾಳಿಯಲ್ಲೇ ಬೀಸಿಹೋಗುತ್ತಿತ್ತು. ನಿಂಟೆಂಡೊ ತಂಡ 1998ರ ‘ಜೆಲ್ಡಾ: ಒಕರೀನಾ ಆಫ್ ಟೈಮ್’ನಲ್ಲಿ ಇದಕ್ಕೆ ಕಂಡುಕೊಂಡ ದಾರಿಯ ಹಿಂದೆ ಒಂದು ಪ್ರವಾಸವಿದೆ. ತಂಡದ ತೊರು ಒಸಾವಾ, ಯೊಶಿಯಾಕಿ ಕೊಯಿಜುಮಿ ಮತ್ತಿತರರು ಕ್ಯೋಟೊದ ತೋಯೆ ಸಿನಿಮಾ ಉದ್ಯಾನಕ್ಕೆ ಹೋಗಿ ನಿಂಜಾ ಪ್ರದರ್ಶನವೊಂದನ್ನು ನೋಡಿದರು. ಸರಪಳಿ ಕಟ್ಟಿದ ಕುಡುಗೋಲನ್ನು ಎದುರಾಳಿ ಎಸೆದ. ನಾಯಕ ಆ ಸರಪಳಿಯನ್ನು ತೋಳಿನಿಂದ ಹಿಡಿದ. ಸರಪಳಿ ಬಿಗಿಯಾಗಿ, ಎದುರಾಳಿ ಅವನ ಸುತ್ತ ವೃತ್ತಾಕಾರವಾಗಿ ಸುತ್ತತೊಡಗಿದ. ಗುಂಪಿನಲ್ಲಿ ಉಳಿದವರು ಒಟ್ಟಿಗೆ ಮುಗಿಬೀಳದೆ ಒಬ್ಬೊಬ್ಬರಾಗಿ ಬರುತ್ತಿದ್ದರು. ಆಟದಲ್ಲಿ ಆ ಸರಪಳಿ ಕಾಣದ ಎಳೆಯಾಯಿತು. ಝಡ್ ಬಟನ್ ಒತ್ತಿದರೆ ನಾಯಕ ಲಿಂಕ್‌ನ ದೃಷ್ಟಿ ಒಂದೇ ಶತ್ರುವಿಗೆ ನೆಟ್ಟು, ಅವನು ಅದರ ಸುತ್ತಲೇ ಸುತ್ತುತ್ತಾನೆ. ಯಾವ ಶತ್ರುವಿಗೆ ಗುರಿ ನೆಟ್ಟಿದೆ ಎಂದು ತೋರಿಸಲು ಹಾಕಿದ್ದ ಗುರುತು ನಾವಿ ಎಂಬ ಪುಟ್ಟ ಕಿನ್ನರಿಯಾಗಿ, ಶತ್ರುವಿನ ದೌರ್ಬಲ್ಯದ ಸುಳಿವನ್ನೂ ಹೇಳತೊಡಗಿತು. ಗುರಿ ನೆಡುವ ಈ ಪದ್ಧತಿ ನಂತರದ ಅಸಂಖ್ಯ ಆಟಗಳ ಬುನಾದಿ.

2004ರಲ್ಲಿ ಕ್ಯಾಪ್‌ಕಾಮ್‌ನ ‘ಮಾನ್‌ಸ್ಟರ್ ಹಂಟರ್’ ಕೈ ಮತ್ತು ಎಲಿಮೆಂಟ್‌ಗಳ ನಡುವೆ ಮೊದಲ ಬಿಗಿಯಾದ ಗಂಟು ಹಾಕಿತು ಎನ್ನಬಹುದು. ಎಲಿಮೆಂಟ್‌ನ ಬಲ ಇಲ್ಲಿ ಪ್ರತಿ ಪೆಟ್ಟಿಗೂ ಕೂಡಿಕೊಳ್ಳುತ್ತದೆ. ಹೀಗಾಗಿ ಬೇಗ ಬೇಗ ಬೀಸುವ ಜೋಡಿ ಕತ್ತಿಗೆ ಅದು ಹೆಚ್ಚು ಲಾಭ, ನಿಧಾನವಾಗಿ ಬೀಳುವ ಭಾರಿ ಕತ್ತಿಗೆ ಕಡಿಮೆ. ಯಾವ ಆಯುಧ ಹಿಡಿದಿದ್ದೇನೆ, ಎಷ್ಟು ಚುರುಕಾಗಿ ಬೀಸಬಲ್ಲೆ ಎಂಬುದಕ್ಕೂ ಬೆಂಕಿ-ನೀರಿನ ಲೆಕ್ಕಕ್ಕೂ ನಂಟು ಬಂತು. ಶತ್ರುವಿನ ತಲೆಯ ಮೇಲೆ ಪ್ರಾಣದ ಪಟ್ಟಿಯಿಲ್ಲ. ಮೃಗ ಕುಂಟುತ್ತಿದೆಯೇ ಎಂದು ನೋಡಿಯೇ ತಿಳಿಯಬೇಕು. ಈ ಆಟ ಪಿಎಸ್‌ಪಿ ಎಂಬ ಅಂಗೈ ಯಂತ್ರಕ್ಕೆ ಬಂದಾಗ ಬೇರೊಂದು ಸಂಕಟ ಎದುರಾಯಿತು. ಯಂತ್ರಕ್ಕೆ ಒಂದೇ ಅನಲಾಗ್ ಕಡ್ಡಿ, ಅದೂ ಎಡಗಡೆ. ಕ್ಯಾಮೆರಾ ತಿರುಗಿಸುವ ಬಟನ್‌ಗಳು ಅದರ ಮೇಲ್ಗಡೆ. ಆಟಗಾರರು ಹೆಬ್ಬೆರಳನ್ನು ಕಡ್ಡಿಯ ಮೇಲಿಟ್ಟು ಓಡುತ್ತ, ತೋರುಬೆರಳನ್ನು ಹದ್ದಿನ ಉಗುರಿನಂತೆ ಬಗ್ಗಿಸಿ ಮೇಲಿನ ಬಟನ್‌ಗಳನ್ನು ಒತ್ತುವುದನ್ನು ತಾವೇ ರೂಢಿಸಿಕೊಂಡರು. ಕೈಗೆ ನೋವು ತರುವ ಈ ಹಿಡಿತ ಜಪಾನಿನಲ್ಲಿ ಆಟದ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಹಿದೆತಕ ಮಿಯಾಜಾಕಿ ನಿರ್ದೇಶಿಸಿದ ‘ಡೀಮನ್ಸ್ ಸೋಲ್ಸ್’ (2009) ಮತ್ತು ‘ಡಾರ್ಕ್ ಸೋಲ್ಸ್’ (2011) ಹೊಡೆತದ ಬಟನ್‌ಗಳನ್ನು ಕಂಟ್ರೋಲರ್‌ನ ಭುಜಕ್ಕೆ ಏರಿಸಿದವು. ಇದರಿಂದ ಹೆಬ್ಬೆರಳು ಕ್ಯಾಮೆರಾ ಕಡ್ಡಿ ಬಿಡದೆ ಹೊಡೆಯುವುದು ಸಾಧ್ಯವಾಯಿತು. ಪಾಠ ಹೇಳುವ ರೀತಿಯೂ ಬದಲಾಯಿತು. ‘ಡಾರ್ಕ್ ಸೋಲ್ಸ್’ನ ಆರಂಭದಲ್ಲಿ ಸೆರೆಮನೆಯ ನೆಲದ ಮೇಲೆ ಹೊಳೆಯುವ ಬರಹಗಳಿವೆ, ಓದುವುದೂ ಬಿಡುವುದೂ ಆಟಗಾರನ ಇಷ್ಟ. ಕೈಯಲ್ಲಿ ಮುರಿದ ಕತ್ತಿಯ ಹಿಡಿಯಷ್ಟೇ ಇರುವಾಗ ಚಾವಣಿಯ ಎತ್ತರದಿಂದ ದೈತ್ಯನೊಬ್ಬ ಧುಮುಕುತ್ತಾನೆ. ಪಕ್ಕದ ಬಾಗಿಲಿನಿಂದ ಓಡಿಹೋಗುವುದೇ ಅಲ್ಲಿಯ ಮೊದಲ ಪಾಠ. ಆಟಗಾರರೇ ಬರಹಗಳನ್ನು ಬಿಟ್ಟು ಮುಂದೆ ಬರುವವರನ್ನು ಎಚ್ಚರಿಸುವ ಏರ್ಪಾಡು ಆರ್ಕೇಡ್‌ನ ಹಳೆಯ ನೋಟ್‌ಬುಕ್ಕನ್ನು ನೆನಪಿಸುತ್ತದೆ.

ಕೈಗೂ ತಲೆಗೂ ಇದ್ದ ಅಂತರವನ್ನು ಪೂರ್ತಿ ಅಳಿಸಿದ್ದು ಸ್ವೀಡನ್ನಿನ ವಿದ್ಯಾರ್ಥಿಗಳು. ಅವರ ‘ಮ್ಯಾಜಿಕಾ’ (2011) ಎಂಟು ಎಲಿಮೆಂಟ್‌ಗಳನ್ನು ಕೀಬೋರ್ಡಿನ ಎಂಟು ಅಕ್ಷರಗಳಿಗೆ ಹಂಚಿತು: ಮೇಲಿನ ಸಾಲಿನಲ್ಲಿ ನಾಲ್ಕು, ಅದರ ಕೆಳಗೆ ನಾಲ್ಕು. ಐದರವರೆಗೆ ಸೇರಿಸಿ ಮಂತ್ರ ಕಟ್ಟಬಹುದು. ನೀರು, ಬೆಂಕಿ ಸೇರಿದರೆ ಉಗಿ. ನೀರು, ಚಳಿ ಸೇರಿದರೆ ಮಂಜುಗಡ್ಡೆ. ನೀರು ಮತ್ತು ಮಿಂಚು ಪರಸ್ಪರ ಅಳಿಸಿಕೊಳ್ಳುತ್ತವೆ. ನೆನೆದ ಮೈಯಲ್ಲಿ ಮಿಂಚನ್ನು ಕರೆದವನಿಗೆ ಅವನದೇ ಶಾಕ್. ಕಾಳಗ ಎಲ್ಲೂ ನಿಲ್ಲುವುದಿಲ್ಲ. ಟೈಪಿಂಗ್ ಕಲಿತವರ ಬೆರಳು ಅಕ್ಷರ ನೋಡದೆ ಓಡುವಂತೆ ಇಲ್ಲಿ ಮಂತ್ರ ಬೆರಳ ತುದಿಯಲ್ಲಿ ಕೂರುತ್ತದೆ. ಒಂದು ಅಕ್ಷರ ತಪ್ಪಿದರೆ ಪಕ್ಕದಲ್ಲಿರುವ ಗೆಳೆಯನೇ ಸುಟ್ಟುಹೋಗಬಹುದು.

2017ರಲ್ಲಿ ಬಂದ ‘ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್’ ಎಲಿಮೆಂಟ್‌ಗಳನ್ನು ಮಂತ್ರದಿಂದ ಬಿಡಿಸಿ ಪ್ರಕೃತಿಗೆ ಕೊಟ್ಟಿತು. ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ಮತ್ತು ಸಂಗಡಿಗರು ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಗೇಮ್ ತಯಾರಕರ ಸಮ್ಮೇಳನದಲ್ಲಿ ತಮ್ಮ ‘ರಸಾಯನ ಎಂಜಿನ್’ನ ಮೂರು ನಿಯಮಗಳನ್ನು ವಿವರಿಸಿದರು. ಎಲಿಮೆಂಟ್ ವಸ್ತುವಿನ ಸ್ಥಿತಿಯನ್ನು ಬದಲಿಸಬಲ್ಲದು. ಎಲಿಮೆಂಟ್ ಇನ್ನೊಂದು ಎಲಿಮೆಂಟ್‌ನ ಸ್ಥಿತಿಯನ್ನು ಬದಲಿಸಬಲ್ಲದು. ವಸ್ತು ಮಾತ್ರ ಇನ್ನೊಂದು ವಸ್ತುವಿನ ಸ್ಥಿತಿಯನ್ನು ಬದಲಿಸಲಾರದು. ಇಷ್ಟರಿಂದಲೇ ಮರದ ದೊಣ್ಣೆಗೆ ಬೆಂಕಿ ಹತ್ತುತ್ತದೆ, ಹುಲ್ಲು ಉರಿದು ಬಿಸಿಗಾಳಿ ಮೇಲೇಳುತ್ತದೆ, ಆ ಗಾಳಿಯಲ್ಲಿ ಲಿಂಕ್ ಹಾರಬಹುದು. ಸಿಡಿಲಿನ ಮಳೆಯಲ್ಲಿ ಲೋಹದ ಕತ್ತಿ ಬೆನ್ನಿಗಿದ್ದರೆ ಮೊದಲು ಕಿಡಿ ಚಿಮ್ಮುತ್ತದೆ, ತೆಗೆದಿಡದಿದ್ದರೆ ಸಿಡಿಲು ಅವನ ಮೇಲೇ. ಸುತ್ತ ಪ್ರಪಾತವಿರುವ ಪ್ರಸ್ಥಭೂಮಿಯೊಂದರಲ್ಲಿ ಆಟ ಶುರುವಾಗುತ್ತದೆ. ಅಲ್ಲಿಯ ಹಿಮದ ಬೆಟ್ಟ ಹತ್ತಲು ಪಂಜು ಹಿಡಿಯಬೇಕೋ ಮೆಣಸಿನಕಾಯಿ ಬೇಯಿಸಿ ತಿನ್ನಬೇಕೋ ಎಂಬುದನ್ನು ಆಟಗಾರನೇ ಕಂಡುಕೊಳ್ಳುತ್ತಾನೆ. ಕೋಷ್ಟಕ ಬೇಕಿಲ್ಲ, ಒಲೆಯ ಮುಂದೆ ಕೂತು ಗೊತ್ತಿದ್ದರೆ ಸಾಕು.

ಶಾಂಘೈನ ಮಿಹೊಯೊ ಕಂಪನಿ 2020ರ ಸೆಪ್ಟೆಂಬರ್ 28ರಂದು ಬಿಡುಗಡೆ ಮಾಡಿದ ‘ಗೆನ್‌ಶಿನ್ ಇಂಪ್ಯಾಕ್ಟ್’ ಈ ಎಲ್ಲ ಎಳೆಗಳನ್ನು ಮೊಬೈಲ್ ಪರದೆಗೂ ತಂದಿತು. ನಾಲ್ವರ ತಂಡ, ಕಣದಲ್ಲಿ ಒಮ್ಮೆಗೆ ಒಬ್ಬರೇ. ಕೀಬೋರ್ಡಿನ 1ರಿಂದ 4ರವರೆಗಿನ ಅಂಕಿ ಒತ್ತಿ ಅದಲುಬದಲು. ಏಳು ಎಲಿಮೆಂಟ್‌ಗಳಿಗೆ ಪೈರೊ, ಹೈಡ್ರೊ, ಅನಿಮೊ, ಎಲೆಕ್ಟ್ರೊ, ಡೆಂಡ್ರೊ, ಕ್ರಯೊ, ಜಿಯೊ ಎಂಬ ಗ್ರೀಕ್ ಮೂಲದ ಹೆಸರುಗಳು. ಒಬ್ಬರು ಹಚ್ಚಿದ ಎಲಿಮೆಂಟ್ ಶತ್ರುವಿನ ಮೈಮೇಲೆ ಕೆಲಹೊತ್ತು ಉಳಿಯುತ್ತದೆ, ಆ ಅವಧಿಯಲ್ಲಿ ಮತ್ತೊಬ್ಬರನ್ನು ಕರೆತಂದು ಎರಡನೆಯದನ್ನು ತಾಗಿಸಬೇಕು. ಯಾವುದು ಮೊದಲು ಎಂಬುದಕ್ಕೂ ಬೆಲೆಯಿದೆ. ಬೆಂಕಿ ಹತ್ತಿದ ಶತ್ರುವಿನ ಮೇಲೆ ನೀರು ಬಿದ್ದರೆ ಪೆಟ್ಟು 2 ಪಟ್ಟು, ನೆನೆದವನಿಗೆ ಬೆಂಕಿ ತಾಗಿದರೆ 1.5 ಪಟ್ಟು. ಹಿಮದ ವಿಷಯದಲ್ಲಿ ಬೆಂಕಿಯೇ ಕೊನೆಗೆ ಬಂದರೆ 2 ಪಟ್ಟು. ಆರಂಭದಲ್ಲಿ ಜೊತೆಗೂಡುವ ಬಿಲ್ಲುಗಾರ್ತಿ ಆಂಬರ್ ಉರಿಬಾಣದಿಂದ ಶತ್ರುಗಳ ಮರದ ಗುರಾಣಿ ಸುಡುವಾಗ ಹೊಸಬರಿಗೆ ಪಾಠ ತಾನೇ ತಿಳಿಯುತ್ತದೆ. ಒಂದೇ ಕೌಶಲದ ಸತತ ಪೆಟ್ಟುಗಳು ಸಾಮಾನ್ಯವಾಗಿ 2.5 ಸೆಕೆಂಡಿಗೊಮ್ಮೆ ಅಥವಾ ಮೂರು ಪೆಟ್ಟಿಗೊಮ್ಮೆ ಮಾತ್ರ ಎಲಿಮೆಂಟ್ ಹಚ್ಚುತ್ತವೆ ಎಂಬಂಥ ಸೂಕ್ಷ್ಮಗಳನ್ನು ಆಟ ಹೇಳುವುದಿಲ್ಲ. ಅವನ್ನು ಲೆಕ್ಕಹಾಕಿ ಹಂಚಿಕೊಂಡವರು ಅಭಿಮಾನಿಗಳು.

ಏಳರಲ್ಲಿ ಡೆಂಡ್ರೊ, ಅಂದರೆ ಸಸ್ಯತತ್ತ್ವ, ಆಟಗಾರರ ಕೈಗೆ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ, ಸುಮೇರು ಎಂಬ ನಾಡಿನ ಜೊತೆಗೆ. ಆ ಹೆಸರು ನಮ್ಮ ಪುರಾಣಗಳ ಮೇರುವಿನದೇ. ಆವರೆಗಿನ ಪರಿಣಾಮಗಳು ತಾಗಿದ ಕ್ಷಣವೇ ನಡೆಯುತ್ತಿದ್ದುದೇ ಹೆಚ್ಚು. ಸಸ್ಯಕ್ಕೆ ನೀರು ಸೇರಿದಾಗ ಮಾತ್ರ ನೆಲದ ಮೇಲೆ ಬೀಜವೊಂದು ಹುಟ್ಟಿ ಆರು ಸೆಕೆಂಡು ಕಾಯುತ್ತದೆ. ಮಿಂಚು ತಗುಲಿದರೆ ಅದು ಬಾಣದಂತೆ ಶತ್ರುವನ್ನು ಹುಡುಕಿಕೊಂಡು ಹೋಗುತ್ತದೆ, ಬೆಂಕಿ ತಗುಲಿದರೆ ಅಲ್ಲೇ ದೊಡ್ಡದಾಗಿ ಸಿಡಿಯುತ್ತದೆ, ಏನೂ ತಗುಲದಿದ್ದರೆ ತಾನೇ ಒಡೆದು ಹತ್ತಿರ ನಿಂತ ಆಟಗಾರನನ್ನೂ ಸ್ವಲ್ಪ ನೋಯಿಸುತ್ತದೆ. ಎರಡು ವರ್ಷ ಆಡಿ ಕೈ ಪಳಗಿಸಿಕೊಂಡಿದ್ದವರು ಬೀಜ ಎಲ್ಲಿ ಬಿತ್ತು, ಯಾರನ್ನು ಎಷ್ಟು ಬೇಗ ಕಣಕ್ಕಿಳಿಸಬೇಕು ಎಂಬುದನ್ನು ಹೊಸದಾಗಿ ಅಭ್ಯಾಸ ಮಾಡಬೇಕಾಯಿತು.