ಸಂವಿಧಾನದ ರಚನೆಯೂ ನಗೆಯ ಪಾಠವೂ

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯೇ ಮೊದಲಾದ ಊರುಗಳ ಮಕ್ಕಳಿಗೆ ಸಂವಿಧಾನದ ಪೀಠಿಕೆಯು ಅಪರಿಚಿತವಲ್ಲ. 2023ರಲ್ಲಿ ಕರ್ನಾಟಕ ಸರಕಾರವು ಶಾಲೆಗಳಲ್ಲಿ ಅದರ ಪಠನವನ್ನು ಕಡ್ಡಾಯಗೊಳಿಸಿತು. ಆದರೆ ಕಂಠಪಾಠವು ಬೇರೆ, ಅರ್ಥಬೋಧೆಯು ಬೇರೆ. ಆ ಮಹಾಗ್ರಂಥದ ಜನ್ಮಕಥೆಯಲ್ಲಿ ನಗೆಗೂ ಸ್ಥಾನವಿದ್ದಿತೆಂಬುದನ್ನು ಬಲ್ಲವರು ವಿರಳ.

ಸಂವಿಧಾನಸಭೆಯು 1946ನೆಯ ಡಿಸೆಂಬರ 9ರಂದು ದಿಲ್ಲಿಯಲ್ಲಿ ಮೊದಲು ಕೂಡಿತು. ಧಾರವಾಡದ ರಂಗನಾಥ ದಿವಾಕರರೂ ಅದರ ಸದಸ್ಯರಾಗಿದ್ದರು. ಕಾಲ ಕಳೆದಂತೆ, ಕಾರ್ಯವು ಬಹು ನಿಧಾನವೆಂಬ ದೂರು ಹೆಚ್ಚಿತು. ಸದಸ್ಯರಾದ ನಜೀರುದ್ದೀನ ಅಹಮದರು ಕರಡು ಸಮಿತಿಯ ‘ಡ್ರಾಫ್ಟಿಂಗ್’ ಎಂಬ ಹೆಸರಿನಲ್ಲಿ ಒಂದು ಸ್ವರವನ್ನು ತಿರುಚಿ ‘ಡ್ರಿಫ್ಟಿಂಗ್’, ಅಂದರೆ ಸೆಳವಿನಲ್ಲಿ ತೇಲುವ ಸಮಿತಿಯೆಂದು ಕರೆದರು. ಮೈಸೂರಿನ ಕೆ. ಹನುಮಂತಯ್ಯನವರು, ವೀಣೆಯ ನಾದವನ್ನು ಬಯಸಿದವರಿಗೆ ಇಂಗ್ಲಿಷ್ ಬ್ಯಾಂಡು ಕೇಳಿಸಿತೆಂದರು. ವ್ಯಂಗ್ಯಚಿತ್ರಕಾರ ಶಂಕರರು 1949ರಲ್ಲಿ ಸಂವಿಧಾನವನ್ನು ಬಸವನಹುಳುವಾಗಿ ಚಿತ್ರಿಸಿದರು. ಅದರ ಮೇಲೆ ಚಾಟಿ ಹಿಡಿದು ಕುಳಿತವರು ಡಾ. ಅಂಬೇಡಕರರು, ಹಿಂದೆ ಚಾಟಿಯೆತ್ತಿ ನಿಂತವರು ನೆಹರೂರವರು.

ಅದೇ ವರ್ಷ ನವೆಂಬರ 25ರಂದು ಅಂಬೇಡಕರರು ನಿಧಾನದ ಆಕ್ಷೇಪಕ್ಕೆ ಲೆಕ್ಕವನ್ನೇ ಉತ್ತರವಾಗಿ ಕೊಟ್ಟರು. ಅಮೇರಿಕೆಯ ಸಂವಿಧಾನವು 4 ತಿಂಗಳಲ್ಲಿ ಮುಗಿದಿದ್ದರೂ ಅದರಲ್ಲಿದ್ದವು 7 ವಿಧಿಗಳು ಮಾತ್ರ, ಭಾರತದ್ದರಲ್ಲಿ 395. ಬಂದ ತಿದ್ದುಪಡಿಗಳು ಸುಮಾರು 7,635. ಸಭೆಯಲ್ಲಿ ಮಂಡಿತವಾದವು 2,473. ‘ತೇಲುವ ಸಮಿತಿ’ಯೆಂಬ ಚೇಷ್ಟೆಗೆ, ಹಿಡಿತವಿಲ್ಲದೆ ತೇಲುವುದೂ ಹಿಡಿತವಿದ್ದು ತೇಲುವುದೂ ಒಂದೇ ಅಲ್ಲವೆಂದರು. ಮರುದಿನವೇ ಸಂವಿಧಾನವು ಅಂಗೀಕೃತವಾಯಿತು.

ಶಂಕರರ ಆ ಚಿತ್ರವು 2006ರಲ್ಲಿ ಎನ್.ಸಿ.ಇ.ಆರ್.ಟಿ.ಯ 11ನೆಯ ತರಗತಿಯ ಪಠ್ಯಪುಸ್ತಕವನ್ನು ಸೇರಿತು. ಸಭೆಗೆ ಇಷ್ಟು ಕಾಲವೇಕೆ ಹಿಡಿಯಿತೆಂಬ ಪ್ರಶ್ನೆಯನ್ನೂ ಅದರೊಡನೆ ಕೇಳಲಾಗಿತ್ತು. 2012ನೆಯ ಮೇ ತಿಂಗಳಲ್ಲಿ, ಇದು ಅಂಬೇಡಕರರಿಗೆ ಅವಮಾನವೆಂದು ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ಸರಕಾರವು ಚಿತ್ರವನ್ನು ತೆಗೆಯಲೊಪ್ಪಿತು. ಪಠ್ಯದ ಮುಖ್ಯ ಸಲಹೆಗಾರರಾದ ಯೋಗೇಂದ್ರ ಯಾದವ, ಸುಹಾಸ ಪಳಶೀಕರ ಇವರು ರಾಜೀನಾಮೆಯಿತ್ತರು.

ಭರತಮುನಿಯು ಹಾಸ್ಯವನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸಿದ್ದಾನೆ. ಒಂದೇ ಚಿತ್ರವು ಒಬ್ಬನಿಗೆ ಸ್ಮಿತವಾಗಿ, ಮತ್ತೊಬ್ಬನಿಗೆ ಉಪಹಸಿತವಾಗಿ ತೋರಬಹುದು. ತಲೆತಲಾಂತರದಿಂದ ತಿರಸ್ಕಾರವನ್ನುಂಡ ಮನೆತನದ ಬಾಲಕನಿಗೆ ಆ ಚಾಟಿಯು ಬರಿಯ ಗೆರೆಯಾಗಿ ಕಾಣಲಾರದು. ಅವನ ನೋವನ್ನು ಅಲ್ಲಗಳೆಯುವ ಹಕ್ಕು ಯಾವ ಶಿಕ್ಷಕನಿಗೂ ಇಲ್ಲ.

ಹಾಗೆಂದು ನಗೆಯನ್ನು ಪಾಠದಿಂದ ಹೊರದೂಡಿದರೆ ಮಕ್ಕಳಿಗೆ ಉಳಿಯುವುದು ದಿನಾಂಕಗಳ ಜಪ ಮಾತ್ರ. ಶಿಕ್ಷಕನು ಅಂಬೇಡಕರರ ಲೆಕ್ಕವನ್ನು ಮೊದಲು ಹೇಳಿ, ಆ ಮೇಲೆ ಬಸವನಹುಳುವನ್ನು ತೋರಿಸಲಿ. ಅಷ್ಟೊಂದು ಹೊರೆ ಹೊತ್ತ ಹುಳುವು ಮೆಲ್ಲಗೆ ನಡೆದುದೇಕೆಂಬುದನ್ನು ಆಗ ಮಕ್ಕಳೇ ಹೇಳಿಯಾರು. ಚಾಟಿಯ ಮಾತು ಬಂದಾಗ ಮನನೊಂದ ಬಾಲಕನೂ ನಿರ್ಭಯವಾಗಿ ಆಕ್ಷೇಪಿಸಲಿ. ತಿದ್ದುಪಡಿಯನ್ನು ಸೂಚಿಸುವ ಹಕ್ಕು ಸಂವಿಧಾನಸಭೆಯಲ್ಲಿ ಎಲ್ಲ ಸದಸ್ಯರಿಗೂ ಇದ್ದಿತು.