ಕರೆ, ಸಭೆ, ಸೆಮಿನರಿ: ಹೈದರಾಬಾದಿನಲ್ಲಿ ಸಭಾಪಾಲಕರ ತರಬೇತಿಯ ದಾರಿಗಳು

ಬೀದರಿನ ಪ್ರೊಟೆಸ್ಟೆಂಟ್ ಸಭೆಯೊಂದರ ಯುವಕನೋ ಯುವತಿಯೋ ಸಭಾಪಾಲನೆಯ ಸೇವೆಗೆ ಬರಲು ನಿಶ್ಚಯಿಸಿದರೆ, ಹತ್ತಿರದ ದೊಡ್ಡ ದೈವಶಾಸ್ತ್ರ ಕಾಲೇಜು ಸಿಗುವುದು ಹೈದರಾಬಾದಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅಲ್ಲಿರಬಹುದು. ಕನ್ನಡದಲ್ಲಿ ದೈವಶಾಸ್ತ್ರ ಕಲಿಸುವ ಮಂಗಳೂರಿನ ಬಲ್ಮಠ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಘಟ್ಟದ ಕೆಳಗಿದೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದ ಭಾಗವೇ ಆಗಿದ್ದವು. ಆದ್ದರಿಂದ ಆ ನಗರದಲ್ಲಿ ಪಾದ್ರಿಗಳು ಹೇಗೆ ತಯಾರಾಗುತ್ತಾರೆ ಎಂಬುದು ಕನ್ನಡದ ಕ್ರೈಸ್ತ ಸಭೆಗಳ ಚರಿತ್ರೆಗೂ ಸೇರಿದ ಪ್ರಶ್ನೆ. ಯಾವ ಕಾಲೇಜು, ಯಾವ ಪದವಿ, ಎಷ್ಟು ವರ್ಷ ಎಂದು ಅಭ್ಯರ್ಥಿಗಳು ಮೊದಲು ವಿಚಾರಿಸುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ನನ್ನನ್ನು ಕಳಿಸುತ್ತಿರುವವರು ಯಾರು, ಓದು ಮುಗಿದ ಮೇಲೆ ನನ್ನನ್ನು ಬರಮಾಡಿಕೊಳ್ಳುವವರು ಯಾರು? ತರಬೇತಿ ಫಲ ಕೊಟ್ಟ ಕಡೆಯಲ್ಲೆಲ್ಲ ಈ ಪ್ರಶ್ನೆಗೆ ಮೊದಲೇ ಉತ್ತರವಿತ್ತು ಎಂಬುದು ಈ ಲೇಖನದ ವಾದ.

ಡೋರ್ನಕಲ್‌ನಿಂದ ತೊಡಗುವುದು ಸೂಕ್ತ. ನಿಜಾಮರ ಸೀಮೆಯ ಈ ರೈಲ್ವೆ ಜಂಕ್ಷನ್ನಿಗೆ 1912ರ ಡಿಸೆಂಬರಿನಲ್ಲಿ ಅಭಿಷಿಕ್ತರಾದ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯನವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರು. ತಿರುನೆಲ್ವೇಲಿ ಕಡೆಯ ತಮಿಳರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಪದವಿ ಕೈಗೆ ಬರಲಿಲ್ಲ. ವೈಎಂಸಿಎ ಕಾರ್ಯದರ್ಶಿಯಾಗಿ ಊರೂರು ತಿರುಗಿದವರು 1909ರಲ್ಲಿ ದೀಕ್ಷೆ ಪಡೆದು ತೆಲುಗು ಹಳ್ಳಿಗಳಿಗೆ ಬಂದರು. ಆ ವರ್ಷಗಳಲ್ಲಿ ಮಾಲ, ಮಾದಿಗ ಕೇರಿಗಳು ಗುಂಪುಗುಂಪಾಗಿ ಕ್ರೈಸ್ತ ಧರ್ಮಕ್ಕೆ ಬರುತ್ತಿದ್ದವು. ಆ ಸಭೆಗಳಿಗೆ ಬೇಕಾಗಿದ್ದವರು ಅದೇ ಕೇರಿಯ ಬದುಕನ್ನು ಬಲ್ಲ ಉಪದೇಶಿಗಳು. ಅಜರಯ್ಯನವರು ಅವರನ್ನು ಹಳ್ಳಿಗಳಿಂದಲೇ ಆರಿಸಿ, ತೆಲುಗಿನಲ್ಲಿ ಕಲಿಸಿ, ಹಳ್ಳಿಗೇ ಮರಳಿಸಿದರು. ಆಯ್ಕೆಯಾದವರು ಹೆಂಡತಿಯರನ್ನೂ ಕರೆತರಬೇಕಿತ್ತು. ಆಕೆಗೂ ಓದು-ಬರಹ, ಆಕೆಗೂ ಸತ್ಯವೇದದ ಪಾಠ. ಕೇರಿಯಲ್ಲಿ ಹೆಂಗಸರ ನಡುವೆ ಆಗಬೇಕಾದ ಕೆಲಸಕ್ಕೆ ಗಂಡಸರೊಬ್ಬರ ತರಬೇತಿ ಸಾಲದು ಎಂಬುದು ಅವರಿಗೆ ತಿಳಿದಿತ್ತು. ಇಂದಿನ ಎಷ್ಟೋ ಕಾಲೇಜುಗಳ ಪಠ್ಯಕ್ರಮದಲ್ಲಿ ಇಲ್ಲದ ಈ ತಿಳಿವಳಿಕೆಯನ್ನು ನಾನು ಡೋರ್ನಕಲ್‌ನ ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ.

ಹಾಗೆಂದು ಮಿಷನ್ ಕಾಲದ ತರಬೇತಿಯನ್ನು ವೈಭವೀಕರಿಸಬೇಕಾಗಿಲ್ಲ. ಒಂದೊಂದು ಮಿಷನ್ನಿಗೂ ಒಂದೊಂದು ಸಣ್ಣ ಶಾಲೆ, ಒಬ್ಬಿಬ್ಬರು ಮೇಷ್ಟ್ರು, ಕೈಬೆರಳೆಣಿಕೆಯ ಪುಸ್ತಕ. 1938ರಲ್ಲಿ ಮದ್ರಾಸಿನ ತಾಂಬರಂನಲ್ಲಿ ಸೇರಿದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನವು ದೈವಶಾಸ್ತ್ರ ಶಿಕ್ಷಣವನ್ನು ಇಡೀ ಕ್ರೈಸ್ತ ಕಾರ್ಯದ ದುರ್ಬಲ ಕೊಂಡಿಗಳಲ್ಲಿ ಒಂದೆಂದು ಗುರುತಿಸಿತು. ಅದರ ಬೆನ್ನಿಗೆ ಚಾರ್ಲ್ಸ್ ರಾನ್ಸನ್ ಭಾರತದ ಪಾದ್ರಿಗಳ ಕರೆ ಮತ್ತು ತರಬೇತಿಯನ್ನು ಕುರಿತು ಮಾಡಿದ ಸಮೀಕ್ಷೆ ಪುಸ್ತಕವಾಗಿ ಹೊರಬಂತು. ಚದುರಿದ ಶಾಲೆಗಳನ್ನು ಭಾಷಾವಾರು ಒಗ್ಗೂಡಿಸಿ ಬಲವಾದ ಸಂಯುಕ್ತ ಕಾಲೇಜುಗಳನ್ನು ಕಟ್ಟಬೇಕೆಂಬ ಆಲೋಚನೆ ಗಟ್ಟಿಗೊಂಡಿದ್ದು ಈ ಹಿನ್ನೆಲೆಯಲ್ಲಿ.

ಆ ಆಲೋಚನೆ ತೆಲುಗಿನಲ್ಲೂ ಕನ್ನಡದಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರೂಪ ಪಡೆಯಿತು. 1964ರಲ್ಲಿ ರಾಜಮಂಡ್ರಿಯ ಲೂಥರ್‌ಗಿರಿಯಲ್ಲಿ ಆಂಧ್ರ ಕ್ರಿಶ್ಚಿಯನ್ ಥಿಯಲಾಜಿಕಲ್ ಕಾಲೇಜು ಆರಂಭವಾಯಿತು. ಬ್ಯಾಪ್ಟಿಸ್ಟ್, ಲೂಥರನ್, ಮೆಥೊಡಿಸ್ಟ್, ದಕ್ಷಿಣ ಭಾರತ ಸಭೆ ಎಲ್ಲವೂ ಅದರ ಹಿಂದೆ ನಿಂತವು. 1965ರಲ್ಲಿ ಬಾಸೆಲ್ ಮಿಷನ್ನಿನ ಮಂಗಳೂರು ಸೆಮಿನರಿಯೂ ತುಮಕೂರಿನ ಕನ್ನಡ ಸೆಮಿನರಿಯೂ ಕೂಡಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಅದೇ 1965ರಲ್ಲಿ ಕಥೋಲಿಕರ ಸಂತ ಯೋಹಾನರ ಪ್ರಾದೇಶಿಕ ಸೆಮಿನರಿ ಹೈದರಾಬಾದಿನಲ್ಲಿ ಹುಟ್ಟಿತು; ಇಂದು ಅದು ರಾಮಂತಾಪುರದಲ್ಲಿದೆ. ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆ ಗುರುಗಳ ತರಬೇತಿಯ ಬಗ್ಗೆ ತನ್ನ ಆದೇಶವನ್ನು ಹೊರಡಿಸಿದ್ದೂ ಆ ವರ್ಷದ ಅಕ್ಟೋಬರಿನಲ್ಲಿ. ಎರಡು ವರ್ಷದೊಳಗೆ ಇಷ್ಟೆಲ್ಲ ಆದದ್ದು ಕಾಕತಾಳೀಯವಿರಲಾರದು. ವಿದೇಶಿ ಮಿಷನರಿಗಳು ಹಿಂದೆ ಸರಿಯುತ್ತಿದ್ದರು. ನಾಯಕತ್ವವನ್ನು ಇಲ್ಲಿಯವರೇ ಹೊರಬೇಕಾಗಿತ್ತು.

ಆಂಧ್ರ ಕಾಲೇಜು 1973ರಲ್ಲಿ ಗೋದಾವರಿ ತೀರ ಬಿಟ್ಟು ಹೈದರಾಬಾದಿಗೆ, ಹುಸೇನ್ ಸಾಗರದ ಕೆಳಗಿನ ಲೋವರ್ ಟ್ಯಾಂಕ್‌ಬಂಡ್ ರಸ್ತೆಗೆ ಬಂತು. ಅದರ ಪದವಿಗಳು ಸೆರಾಂಪುರದ ಸೆನೆಟ್ಟಿನವು. 1818ರಲ್ಲಿ ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ ಕಟ್ಟಿದ ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರ ಡೆನ್ಮಾರ್ಕ್ ದೊರೆಯ ಸನ್ನದಿನಿಂದ; ಅದನ್ನು ಇಂದಿನ ಸ್ವರೂಪಕ್ಕೆ ತಂದದ್ದು 1918ರ ಬಂಗಾಳದ ಕಾಯ್ದೆ. ಬಲ್ಮಠವೂ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜೂ ಇದೇ ಸೆನೆಟ್ಟಿಗೆ ಸೇರಿವೆ. ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಗೆ ನಾಲ್ಕೈದು ವರ್ಷ ಹಾಸ್ಟೆಲ್ ವಾಸ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಹೀಬ್ರೂ ಅಥವಾ ಗ್ರೀಕ್, ಸಭಾಚರಿತ್ರೆ, ಇತರ ಧರ್ಮಗಳ ಅಧ್ಯಯನ, ದಲಿತ ದೈವಶಾಸ್ತ್ರ, ಪ್ರಸಂಗಕಲೆ. ವಾರವಿಡೀ ತರಗತಿ, ಭಾನುವಾರ ಯಾವುದಾದರೊಂದು ಸಭೆಯಲ್ಲಿ ಸೇವೆ. ಪೌಲನ ಪತ್ರಿಕೆಯನ್ನು ಗ್ರೀಕಿನಲ್ಲಿ ಬಿಡಿಸಿ ಓದಿದ ವಿದ್ಯಾರ್ಥಿ ಅದೇ ವಾಕ್ಯಗಳನ್ನು ಬಸ್ತಿಯ ಸಂಡೇ ಸ್ಕೂಲ್ ಮಕ್ಕಳಿಗೆ ತಿಳಿಸಿ ಹೇಳಬೇಕು, ಪ್ರಾರ್ಥನೆ ಮುಗಿದ ಮೇಲೆ ಕಾಯಿಲೆಯವರ ಮನೆಗೆ ಹೋಗಬೇಕು, ಸಭಾಹಿರಿಯರ ಮುನಿಸನ್ನೂ ಕೇಳಿಸಿಕೊಳ್ಳಬೇಕು. ತರಬೇತಿಯ ಅರ್ಧ ತೂಕ ಇರುವುದು ಈ ಭಾನುವಾರಗಳಲ್ಲಿ. ಕಾಲೇಜನ್ನು ಆರಿಸುವವರು ಗ್ರಂಥಾಲಯದ ಜೊತೆಗೆ ಆ ಭಾನುವಾರಗಳನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂದೂ ವಿಚಾರಿಸಬೇಕು.

ಕಥೋಲಿಕರ ದಾರಿ ಇನ್ನೂ ಉದ್ದ. ಅವರ ಧರ್ಮಸಭಾ ಕಾನೂನು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ ಎರಡಕ್ಕೂ ಸೇರಿ ಪೂರ್ತಿ ಆರು ವರ್ಷ ಕೇಳುತ್ತದೆ. ಮುಂಚಿನ ಸಿದ್ಧತೆಯನ್ನೂ ನಡುವಿನ ಸೇವಾವರ್ಷವನ್ನೂ ಕೂಡಿಸಿದರೆ ಹತ್ತರ ಹತ್ತಿರ. ಅಲ್ಲಿ ಅಭ್ಯರ್ಥಿ ಆರಂಭದಿಂದಲೂ ಒಂದು ಧರ್ಮಪ್ರಾಂತ್ಯಕ್ಕೋ ಧಾರ್ಮಿಕ ಸಭೆಗೋ ಸೇರಿದವನು, ಕಳಿಸಿದವರು ಯಾರೆಂಬ ಗೊಂದಲವೇ ಇಲ್ಲ.

ಇದೇ ನಗರದಲ್ಲಿ, ಟ್ಯಾಂಕ್‌ಬಂಡಿಗೆ ದೂರವಲ್ಲದ ಗೋಲ್ಕೊಂಡ ಕ್ರಾಸ್ ರೋಡ್ಸ್ ಬಳಿ, ಪದವಿಯ ಗೊಡವೆಯೇ ಇಲ್ಲದ ಮತ್ತೊಂದು ದಾರಿ ಬೆಳೆದು ನಿಂತಿತು. ಪಂಜಾಬಿನ ಸಿಖ್ ಮನೆತನದ ಭಕ್ತ ಸಿಂಗ್ (1903–2000) ಓದಿದ್ದು ಎಂಜಿನಿಯರಿಂಗ್. ಕೆನಡಾದಲ್ಲಿದ್ದಾಗ ಕ್ರಿಸ್ತನನ್ನು ಒಪ್ಪಿ 1932ರಲ್ಲಿ ದೀಕ್ಷಾಸ್ನಾನ ಪಡೆದರು. ಭಾರತಕ್ಕೆ ಮರಳಿ 1941ರಲ್ಲಿ ಮದ್ರಾಸಿನಲ್ಲಿ ಸ್ವತಂತ್ರ ಸಭೆ ಆರಂಭಿಸಿದರು, 1950ರಲ್ಲಿ ಹೈದರಾಬಾದಿನಲ್ಲಿ ಹೆಬ್ರೋನ್ ನೆಲೆಯಾಯಿತು. ಇಲ್ಲಿ ಸೇವಕರು ತಯಾರಾದದ್ದು ಒಟ್ಟಿಗೆ ಬಾಳಿ: ನಸುಕಿನ ಪ್ರಾರ್ಥನೆ, ಅಡಿಗೆಮನೆಯ ದುಡಿಮೆ, ಬೀದಿಯ ಸುವಾರ್ತೆ, ದೊಡ್ಡ ಕೂಟಗಳಲ್ಲಿ ಸಾವಿರಾರು ಜನಕ್ಕೆ ಊಟ ಬಡಿಸುವುದು. ನಿಗದಿತ ಸಂಬಳವಿಲ್ಲ, ಪ್ರಮಾಣಪತ್ರವೂ ಇಲ್ಲ. ಹಿರಿಯರ ಕಣ್ಣೆದುರೇ ಬೆಳೆದವರನ್ನು ಹಿರಿಯರೇ ಕಳಿಸುತ್ತಿದ್ದರು. ವಿದ್ವತ್ತಿನ ದೃಷ್ಟಿಯಿಂದ ಇದರ ಕೊರತೆ ದೊಡ್ಡದು. ಮೂಲಭಾಷೆ, ಚರಿತ್ರೆ, ವಿಮರ್ಶೆ ಯಾವುದನ್ನೂ ಇದು ಕಲಿಸಲಿಲ್ಲ. ಆದರೂ ದೇಶದ ಉದ್ದಗಲ ಸಭೆಗಳು ಎದ್ದವು. ಡೋರ್ನಕಲ್ಲಿಗೂ ಹೆಬ್ರೋನಿಗೂ ಸಾಮ್ಯ ಇಲ್ಲಿದೆ: ಎರಡೂ ಕಡೆ, ತರಬೇತಿ ಪಡೆದವನನ್ನು ಮುಂಚೆಯೇ ಬಲ್ಲ ಜನ ಕಾಯುತ್ತಿದ್ದರು.

ಈ ನಂಟು ಕಡಿದಾಗಲೇ ತೊಂದರೆ. ಸಭೆಯ ಶಿಫಾರಸಿಲ್ಲದೆ, ವಿದ್ಯಾರ್ಥಿವೇತನ ಸಿಗುವ ಯಾವುದೋ ಬೈಬಲ್ ಕಾಲೇಜಿಗೆ ತಾನೇ ಅರ್ಜಿ ಹಾಕಿ ಓದಿದ ಯುವಕ ಪದವಿ ಹಿಡಿದು ಹೊರಬಂದಾಗ ಅವನಿಗೆ ದೀಕ್ಷೆ ಕೊಡುವ ಮಂಡಳಿ ಇರುವುದಿಲ್ಲ. ತನ್ನದೇ ಸಭೆ ಕಟ್ಟಲು ಹೊರಡುತ್ತಾನೆ, ಬಾಡಿಗೆ ಹಾಲಿನಲ್ಲಿ, ಯಾರ ಮೇಲ್ವಿಚಾರಣೆಯೂ ಇಲ್ಲದೆ. ಅವನ ಶ್ರದ್ಧೆಯಲ್ಲಿ ಕೊರತೆಯಿಲ್ಲ. ಹಣದ ಲೆಕ್ಕ, ಮನೆಜಗಳ, ಸಾವಿನ ಮನೆಯ ದುಃಖ ಎಲ್ಲವನ್ನೂ ಅವನೊಬ್ಬನೇ ಹೊರಬೇಕಾಗುತ್ತದೆ, ಎಡವಿದರೆ ತಿದ್ದುವವರಿಲ್ಲ.

ಭಾಷೆಯ ಪ್ರಶ್ನೆಗೆ ಬರೋಣ. ಹೈದರಾಬಾದಿನಲ್ಲಿ ಓದಿದ ಬೀದರಿನ ಅಭ್ಯರ್ಥಿಗೆ ತೆಲುಗು, ಇಂಗ್ಲಿಷ್ ಬರುತ್ತವೆ. ಸೇವೆ ಮಾಡಬೇಕಾದದ್ದು ಕನ್ನಡದ ಹಳ್ಳಿಗಳಲ್ಲಿ. ಬಾಸೆಲ್ ಮಿಷನ್ ಈ ಸಮಸ್ಯೆಯನ್ನು ಬೇಗನೆ ಕಂಡುಕೊಂಡಿತ್ತು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರನ್ನು ಬಾಸೆಲ್ಲಿಗೆ ಕಳಿಸಿ ಓದಿಸಿದರು; 1851ರಲ್ಲಿ ಪಾದ್ರಿಯಾಗಿ ಮರಳಿದ ಅವರು ಮಂಗಳೂರಿನ ಸೆಮಿನರಿಯಲ್ಲೇ ಪಾಠ ಹೇಳಿದರು. ಹೊರಗೆ ಕಲಿತದ್ದನ್ನು ಊರಿನ ಭಾಷೆಗೆ ಒಗ್ಗಿಸುವ ಕೆಲಸ ಅಲ್ಲಿ ಸೆಮಿನರಿಯದೇ ಹೊಣೆಯಾಗಿತ್ತು. ಗಡಿಜಿಲ್ಲೆಯ ಸಭೆಗಳು ಹೈದರಾಬಾದಿಗೆ ಅಭ್ಯರ್ಥಿಯನ್ನು ಕಳಿಸುವುದಾದರೆ, ಸೇವಾಭ್ಯಾಸದ ತಿಂಗಳುಗಳನ್ನಾದರೂ ಅನುಭವಿ ಕನ್ನಡ ಪಾದ್ರಿಯೊಬ್ಬರ ಕೈಕೆಳಗೆ ಕಳೆಯುವಂತೆ ಏರ್ಪಡಿಸಬೇಕು.

ಮಹಿಳೆಯರ ಮಟ್ಟಿಗೆ ಆಯ್ಕೆ ಇನ್ನೂ ಕಷ್ಟದ್ದು. ದಕ್ಷಿಣ ಭಾರತ ಸಭೆ 1976ರಿಂದ ಮಹಿಳೆಯರಿಗೆ ದೀಕ್ಷೆ ಕೊಡುತ್ತಿದೆ; 2013ರಲ್ಲಿ ನಂದ್ಯಾಲದ ಬಿಷಪ್ಪರಾದ ಪುಷ್ಪ ಲಲಿತಾ ಆ ಸಭೆಯ ಮೊದಲ ಮಹಿಳಾ ಬಿಷಪ್. ಕಾಲೇಜುಗಳ ಬಾಗಿಲು ಬಹಳ ಹಿಂದೆಯೇ ತೆರೆದಿದೆ, ಆದರೆ ದೀಕ್ಷೆ ಕೊಡದ ಸಭೆಗಳು ಇನ್ನೂ ಹಲವು. ಹಾಗಾಗಿ ಬಿ.ಡಿ. ಸೇರುವ ಹೆಣ್ಣುಮಗಳು ತನ್ನ ಸಭೆಯ ನಿಯಮವನ್ನು ಮೊದಲೇ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಹಾಸ್ಟೆಲ್ಲಿನ ನಾಲ್ಕೈದು ವರ್ಷ ಎಲ್ಲರ ಕೈಗೂ ಎಟುಕುವಂಥದ್ದಲ್ಲ. ಸಂಸಾರವಿರುವ, ಈಗಾಗಲೇ ಸಭೆ ನಡೆಸುತ್ತಿರುವ ಉಪದೇಶಿಗಳಿಗಾಗಿ 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯೊಂದು ಹೊಸ ಪದ್ಧತಿ ರೂಪಿಸಿತು: ಮನೆಯಲ್ಲೇ ಪಾಠ ಓದಿ, ನಿಗದಿತ ದಿನ ಹತ್ತಿರದ ಕೇಂದ್ರದಲ್ಲಿ ಗುರುಗಳೊಡನೆ ಕೂತು ಚರ್ಚಿಸುವುದು. ಭಾರತದಲ್ಲಿ ಈ ಪದ್ಧತಿಗಾಗಿ 1971ರಲ್ಲಿ ಬೆಂಗಳೂರು ಕೇಂದ್ರವಾಗಿ ಟ್ಯಾಫ್ಟೀ ಸಂಸ್ಥೆ ಹುಟ್ಟಿತು. ಇದನ್ನು ಎರಡನೆಯ ದರ್ಜೆಯ ಓದೆಂದು ಕಾಣುವ ರೂಢಿ ಸರಿಯಲ್ಲ. ಬೆಳಿಗ್ಗೆ ಓದಿದ್ದನ್ನು ಸಂಜೆಯೇ ಸಭೆಯಲ್ಲಿ ಒರೆಗೆ ಹಚ್ಚುವ ಅವಕಾಶ ವಸತಿ ಕಾಲೇಜಿನ ವಿದ್ಯಾರ್ಥಿಗೆ ಇರುವುದು ಭಾನುವಾರ ಮಾತ್ರ. ಕೊರತೆ ಇರುವುದು ಗುರುಗಳ ಒಡನಾಟದಲ್ಲಿ ಮತ್ತು ಗ್ರಂಥಾಲಯದಲ್ಲಿ. ಅದನ್ನು ವರ್ಷಕ್ಕೆ ಕೆಲವು ವಾರ ಟ್ಯಾಂಕ್‌ಬಂಡ್‌ನಲ್ಲೋ ಬಲ್ಮಠದಲ್ಲೋ ಇರಿಸಿ ಓದಿಸಿದರೆ ತುಂಬಿಕೊಡಬಹುದು. ದೀಕ್ಷಾ ಮಂಡಳಿಗಳು ಹೀಗೆ ಓದಿದ ಉಪದೇಶಿಯನ್ನೂ ಬಿ.ಡಿ. ಪದವೀಧರನನ್ನೂ ಒಂದೇ ದಿನ, ಒಂದೇ ಪ್ರಶ್ನೆಗಳಿಂದ ಪರೀಕ್ಷಿಸಬೇಕು, ಮತ್ತು ಇಬ್ಬರ ಸಭೆಗಳಿಂದಲೂ ಹಿರಿಯರನ್ನು ಕರೆಸಿ ಕೇಳಬೇಕು.